ಮಧ್ಯಾಹ್ನದ ಗುಂಡುಗಳು

ಜುಲೈ 8, 2017, ಶನಿವಾರ. ಟೋಟೆಮ್ ಲೇಕ್

ದಿನಚರಿ ಬರೆಯುವ ಜಾಯಮಾನ ನನ್ನದಲ್ಲ. ಈ ಪುಸ್ತಕ ತೇಜಶ್ರೀ ತಂದುಕೊಟ್ಟಿದ್ದು. "ಆಫ್ರಿಕಾಕ್ಕೆ ಹೋಗ್ತಾ ಇದೀರ, ನೋಡಿದ್ದು ಬರ್ಕೊಳ್ಳಿ. ಬಂದ್ಮೇಲೆ ಕೇಳಿದ್ರೆ 'ಚೆನ್ನಾಗಿತ್ತು' ಅಂತ ಒಂದೇ ಮಾತಲ್ಲಿ ಮುಗಿಸ್ಬಿಡ್ತೀರ" ಎಂದಳು. ಮದುವೆಯಾಗಿ ಹನ್ನೆರಡು ವರ್ಷವಾದ ಮೇಲೆ ಹೆಂಡತಿ ಇಷ್ಟಾದರೂ ತಿಳಿದುಕೊಂಡಿರಬೇಕಲ್ಲ.

ಸಿಯಾಟಲ್‌ನ ಫ್ರೀಮಾಂಟ್ ಬಡಾವಣೆಯ ಆಫೀಸಿನಲ್ಲಿ ನನ್ನ ಕೆಲಸ ಕಂಪ್ಯೂಟರಿಗೆ ಸದ್ದು ಗುರುತಿಸುವುದನ್ನು ಕಲಿಸುವುದು. ಲೈಬೀರಿಯಾದ ಒಂದು ಮಳೆಕಾಡಿನವರು ನಮ್ಮ ಸಹಾಯ ಕೇಳಿದರು. ಕಾಡು ದೊಡ್ಡದು, ಕಾವಲುಗಾರರು ಬೆರಳೆಣಿಕೆಯಷ್ಟು, ಒಳಗೆ ಎಲ್ಲೆಲ್ಲೂ ಕಳ್ಳಬೇಟೆ. ನಾವು ಮಾಡುವುದಿಷ್ಟು: ಮರಗಳ ಮೇಲೆ ಸದ್ದು ಕೇಳುವ ಪೆಟ್ಟಿಗೆ ಕಟ್ಟುತ್ತೇವೆ. ಅವು ಕೇಳಿದ್ದು ಗೋಪುರಕ್ಕೆ, ಅಲ್ಲಿಂದ ಉಪಗ್ರಹದ ಮೂಲಕ ನನ್ನ ಲ್ಯಾಪ್‌ಟಾಪಿಗೆ ಬರುತ್ತದೆ. ಗುಂಡಿನ ಸದ್ದಾದರೆ ಯಂತ್ರ ಗುರುತು ಹಿಡಿದು, ಯಾವ ಮರದ ಹತ್ತಿರ ಎಂದು ಅಲ್ಲಿನ ಕಚೇರಿಗೆ ತಿಳಿಸುತ್ತದೆ. ಪ್ರಾಣಿಯೂ ಉಳಿಯುತ್ತದೆ, ಯಾರಿಗೂ ಪೆಟ್ಟಾಗುವುದಿಲ್ಲ.

ಅಲ್ಲಿನ ಮುಖ್ಯಸ್ಥ ಫ್ಲೋಮೊ ಎಂಬವರು ಜನವರಿಯಲ್ಲಿ ಬನ್ನಿ, ಬೇಸಿಗೆ, ರಸ್ತೆ ಒಣಗಿರುತ್ತದೆ ಎಂದು ಬರೆದಿದ್ದರು. ಜನವರಿಯಲ್ಲಿ ನನಗೆ ರಜೆ ಯಾರಪ್ಪ ಕೊಡುತ್ತಾನೆ. ಈಗ ಮಧುರಾಳ ಸ್ಕೂಲಿಗೆ ರಜೆ, ತಾಯಿ ಮಗಳು ಮೈಸೂರಿಗೆ ಹೊರಟಿದ್ದಾರೆ, ನನಗೂ ಇದೇ ಅನುಕೂಲ. ಮಳೆಗಾಲವಂತೆ. ಸಿಯಾಟಲ್‌ನಲ್ಲಿ ಬದುಕುವವನನ್ನು ಮಳೆಯಿಂದ ಹೆದರಿಸಿದರೆ ಆದೀತೆ.

ಸಂಜೆ ಬಚ್ಚಲಲ್ಲಿ ಜೇಡ ಕಂಡು ಮಧುರಾ ಕಿರುಚಿಕೊಂಡಳು. ಲೋಟದಲ್ಲಿ ಹಿಡಿದು ಹೊರಗೆ ಗಿಡದ ಮೇಲೆ ಬಿಟ್ಟುಬಂದೆ. "ನಿಮ್ಮಪ್ಪ ಬೇಟೆಗಾರರನ್ನ ಹಿಡೀತಾರಂತೆ ಕಣೇ" ಎಂದು ತೇಜಶ್ರೀ ಮಗಳ ಜೊತೆ ಸೇರಿಕೊಂಡು ನಕ್ಕಳು. ನಗಲಿ.

ಜುಲೈ 15, ಶನಿವಾರ. ಕಾಡಿನ ಅಂಚು

ಮನ್ರೋವಿಯಾದಿಂದ ಜೀಪಿನಲ್ಲಿ ಎರಡು ದಿನ. ರಸ್ತೆ ಎನ್ನುವುದು ಬಾಯಿಮಾತು. ಕೆಂಪು ಕೆಸರಿನ ಒಂದು ಹೊಂಡದಿಂದ ಎದ್ದು ಇನ್ನೊಂದಕ್ಕೆ ಬೀಳುವುದೇ ಪ್ರಯಾಣ. ತಳ್ಳಿ ತಳ್ಳಿ ಸೊಂಟ ಬಿದ್ದುಹೋಗಿದೆ.

ದಾರಿಯ ಸಂತೆಯಲ್ಲಿ ಹೊಗೆಯಲ್ಲಿ ಒಣಗಿಸಿದ ಕೋತಿಗಳನ್ನು ರಾಶಿ ಹಾಕಿದ್ದರು. ಕೆಲವು ಎರಡೂ ಕೈಗಳನ್ನು ಮುಖಕ್ಕೆ ಅಡ್ಡ ಹಿಡಿದಂತೆ ಸುಟ್ಟು ಒಣಗಿದ್ದವು. ಪಕ್ಕದಲ್ಲಿ ಕುರಿಮರಿಯಷ್ಟೇ ಇರುವ ಪುಟ್ಟ ಜಿಂಕೆ, ಹೊಟ್ಟೆ ಸೀಳಿ, ಕಾಲು ಕಟ್ಟಿ. ಜೀಪಿನ ಚಕ್ರದ ಹತ್ತಿರ ಕೂತು ವಾಂತಿ ಮಾಡಿದೆ. ಮಾರುತ್ತಿದ್ದ ಹೆಂಗಸೇ ಬಂದು ಬಾಯಿ ಮುಕ್ಕಳಿಸಲು ನೀರು ಕೊಟ್ಟಳು. ಅವಳ ಮೇಲೆ ಸಿಟ್ಟು ಬರಲಿಲ್ಲ.

ಫ್ಲೋಮೊ ಹಿಂದೆ ಸೈನಿಕರಾಗಿದ್ದವರು, ಯುದ್ಧ ಕಂಡವರು. ಕುತ್ತಿಗೆಯ ಮೇಲೆ ಉದ್ದನೆಯ ಗಾಯದ ಗುರುತು. ಕಾಡಿನೊಳಗೆ ಚಿನ್ನ ಅಗೆಯುವವರು ಊರನ್ನೇ ಕಟ್ಟಿಕೊಂಡಿದ್ದಾರಂತೆ, ಅವರ ಹೊಟ್ಟೆಗೆ, ಪಟ್ಟಣದ ಹೋಟೆಲಿಗೆ ಇಲ್ಲಿಂದಲೇ ಮಾಂಸ. "ಕಾಡು ಉಳೀಬೇಕು ಅಂತ ಎಲ್ಲಾ ದೇಶದೋರೂ ಹೇಳ್ತಾರೆ, ಮಿಸ್ಟರ್ ಸ್ವಾಮಿ. ನಮ್ಮ ಹುಡುಗರಿಗೆ ಬೂಟು ಕೇಳಿದ್ರೆ ಮಾತ್ರ ಯಾರೂ ಉತ್ತರ ಬರೆಯೋದಿಲ್ಲ" ಎಂದರು. ಕಾವಲುಗಾರರ ಹತ್ತಿರ ಇರುವುದು ಹಳೆಯ ಮೂರು ಕೋವಿ. ಅವುಗಳಲ್ಲಿ ಒಂದರಿಂದ ಗುಂಡೇ ಹಾರುವುದಿಲ್ಲ.

ಜುಲೈ 19, ಬುಧವಾರ. ಕಾಡಿನೊಳಗೆ

ಮಳೆ ನಿಂತ ಹೊತ್ತೇ ಇಲ್ಲ. ಒಳಉಡುಪಿನಿಂದ ಹಿಡಿದು ಅವಲಕ್ಕಿಯವರೆಗೆ ಎಲ್ಲ ಒದ್ದೆ. ಆದರೂ ಇಷ್ಟು ಖುಷಿಯಾಗಿ ಎಷ್ಟು ವರ್ಷವಾಯಿತೋ. ಬೆಳಿಗ್ಗೆ ಚಿಂಪಾಂಜಿಗಳು ಮರದ ಬುಡದ ಹಲಗೆಯಂಥ ಬೇರಿಗೆ ಬಡಿಯುವುದು ಕೇಳಿತು. ಕಣ್ಣಿಗೆ ಕಾಣಿಸಲಿಲ್ಲ, ಸದ್ದೇ ಸಾಕಾಯಿತು.

ನನ್ನ ಜೊತೆ ಇರುವ ಕಾವಲುಗಾರ ಜೆರೆಮಯ. ಮೂವತ್ತರ ಆಸುಪಾಸು, ಮಾತಿನ ಮಲ್ಲ. ಹಗ್ಗ ಹಾಕಿ ಮರ ಹತ್ತಿ ಪೆಟ್ಟಿಗೆ ಕಟ್ಟಿ ಬರುತ್ತಾನೆ. ನಾನು ಕೆಳಗೆ ನಿಂತು "ಹುಷಾರು, ಹುಷಾರು" ಎನ್ನುತ್ತಿರುತ್ತೇನೆ. "ಪ್ರೊಫೆಸರ್, ನೀನು ಹೀಗೆ ಕೂಗ್ತಾ ಇದ್ರೆ ನಿನ್ನ ಪೆಟ್ಟಿಗೆ ನಿನ್ನ ದನಿಯನ್ನೇ ಕಲಿತುಬಿಡುತ್ತೆ" ಎನ್ನುತ್ತಾನೆ.

ನಿನ್ನೆ ಅಂಚಿನ ಹಳ್ಳಿಯಲ್ಲಿ ಅವನ ಚಿಕ್ಕಮ್ಮ ಕೋರ್ಪೊಳ ಮನೆಯಲ್ಲಿ ಊಟ. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಆಕೆ ಕಾಯಿಲೆಯವನನ್ನು ನೋಡುವ ಹಾಗೆ ನೋಡಿ, ಮರಗೆಣಸು ಬೇಯಿಸಿಕೊಟ್ಟಳು. ಹೊರಡುವಾಗ ಮಗಳಿಗೆಂದು ಒಂದು ಕಾಯಿ ಕೊಟ್ಟಳು. ಮೊಣಕೈಯಿಂದ ಮಣಿಕಟ್ಟಿನವರೆಗಿನಷ್ಟು ಉದ್ದ, ಚಪ್ಪಟೆ, ಮರದ ಹಲಗೆಯಷ್ಟು ಗಟ್ಟಿ. ಒಳಗಿನ ಬೀಜದಿಂದ ಎಣ್ಣೆ ತೆಗೆಯುತ್ತಾರಂತೆ. ಏನೋ ಹೇಳಿ ನಕ್ಕಳು. "ಒಲೆ ಹತ್ತಿರ ಇಡಬೇಡ ಅಂತಾಳೆ" ಎಂದ ಜೆರೆಮಯ. ಅಷ್ಟರಲ್ಲಿ ಜೋರು ಮಳೆ ಹಿಡಿಯಿತು, ಓಡಿದೆವು.

ಜುಲೈ 22, ಶನಿವಾರ

ಜೆರೆಮಯನನ್ನು ಕೊಂದರು.

ಕಡೆಯ ಪೆಟ್ಟಿಗೆ ಕಟ್ಟಿ ಇಳಿಯುತ್ತಿದ್ದ. ಪೊದೆಯಿಂದ ಇಬ್ಬರು ಬಂದರು, ಒಬ್ಬನ ಹೆಗಲಲ್ಲಿ ಸತ್ತ ಕೋತಿ. ಹಗ್ಗದ ಮೇಲೆ ಸಮವಸ್ತ್ರ ಕಂಡರು. ನನ್ನನ್ನು ನೋಡಲೇ ಇಲ್ಲ. ಒಂದೇ ಗುಂಡು.

ಬೀಳಲಿಲ್ಲ. ಹಗ್ಗದಲ್ಲೇ ತೂಗಾಡುತ್ತಿದ್ದ. ನಾನೇ ಹಗ್ಗ ಬಿಚ್ಚಿ ಇಳಿಸಿದೆ. ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿದೆ, ಕೈ ಒಳಗೆ ಹೋಯಿತು. ಬಿಸಿ. "ಪೆಟ್ಟಿಗೆ ಆನ್ ಆಗಿದೆಯಾ, ಪ್ರೊಫೆಸರ್?" ಎಂದ. ಆಗಿದೆ ಎಂದೆ. ಆಮೇಲೆ ಅವ್ವನನ್ನು ಕರೆದ, ಬಹಳ ಹೊತ್ತು ಕರೆದ.

ಮೇಲಿನ ಪೆಟ್ಟಿಗೆ ಎಲ್ಲವನ್ನೂ ಕೇಳಿಸಿಕೊಂಡಿದೆ.

ಜುಲೈ 25, ಮಂಗಳವಾರ. ಮನ್ರೋವಿಯಾ

ಮೊನ್ನೆ ಹಳ್ಳಿಯಲ್ಲಿ ಮಣ್ಣು ಮಾಡಿದೆವು. ಗುಂಡಿಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು, ಮೊಗೆದು ಮೊಗೆದು ಇಳಿಸಬೇಕಾಯಿತು. ಕೋರ್ಪೊ ನನ್ನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು, ಆಮೇಲೆ ನನ್ನನ್ನೇ ಹಿಡಿದುಕೊಂಡು ಅತ್ತಳು. ಅವಳ ಹಳದಿ ತಲೆವಸ್ತ್ರ ನನ್ನ ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತ್ತು.

ಫ್ಲೋಮೊ ಹೇಳಿದರು: "ನಿನ್ನ ಕಿವಿ ಒಳ್ಳೆಯದು. ನನಗೆ ಕೈ ಬೇಕು." ಬಂದೂಕುಗಳಿಗೆ ಹಣ ಎತ್ತಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಉಗುರಿನ ಸಂದಿಯ ರಕ್ತ ಇನ್ನೂ ಹೋಗಿಲ್ಲ.

ಆಗಸ್ಟ್ 13, ಭಾನುವಾರ. ಟೋಟೆಮ್ ಲೇಕ್

ತಾಯಿ ಮಗಳು ಊರಿಂದ ಬಂದರು. ಕಾಯಿ ತಂದದ್ದನ್ನು ವಿಮಾನ ನಿಲ್ದಾಣದಲ್ಲಿ ಹೇಳಿರಲಿಲ್ಲ, ಬೀಜಗೀಜ ಬಿಡುವುದಿಲ್ಲ ಅಲ್ಲಿ. ಮಧುರಾ ಕತ್ತಿಯ ಹಾಗೆ ಬೀಸಿ ಆಡಿದಳು. ಈಗ ಬಾಲ್ಕನಿಯ ಕಪಾಟಿನಲ್ಲಿದೆ.

ಲ್ಯಾಪ್‌ಟಾಪಿನ ಪರದೆಯಲ್ಲಿ ಯಾವ ಪೆಟ್ಟಿಗೆಯನ್ನು ಬೇಕಾದರೂ ಒತ್ತಿ ಆ ಕ್ಷಣದ ಕಾಡನ್ನು ಕೇಳಬಹುದು. ಮಧುರಾ ತೊಡೆಯ ಮೇಲೆ ಕೂತು ಹಕ್ಕಿ ಕೇಳುತ್ತಾಳೆ. ಅವಳು ಎದ್ದುಹೋದ ಮೇಲೆ ನಾನು ಆ ಗುಂಡನ್ನು ಕೇಳುತ್ತೇನೆ. ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತಿನ ಸದ್ದು. ಮುಂದಿನದನ್ನು ಕತ್ತರಿಸಿ ತೆಗೆದಿದ್ದೇನೆ, ಅವನ ದನಿ ಬೇಡ. ಆ ಗುಂಡನ್ನೇ ಯಂತ್ರಕ್ಕೆ ಮೊದಲ ಪಾಠವಾಗಿ ಕೊಟ್ಟೆ. ಮಳೆಯಲ್ಲಿ, ಗುಡುಗಿನಲ್ಲಿ, ಕೊಂಬೆ ಮುರಿಯುವ ಸದ್ದಿನ ನಡುವೆ ಬೆರೆಸಿ ಬೆರೆಸಿ ಕಲಿಸಿದೆ. ಈಗ ಎಲ್ಲಿಟ್ಟರೂ ಹುಡುಕುತ್ತದೆ.

ಮನಸ್ಸು ಶಾಂತವಾಗಿದೆ. ಕೆಲಸವಿದ್ದರೆ ದುಃಖ ಹತ್ತಿರ ಬರುವುದಿಲ್ಲ.

ಅಕ್ಟೋಬರ್ 1, ಭಾನುವಾರ

ನಿನ್ನೆ ವಿಜಯದಶಮಿ, ಇಸ್ಸಾಕ್ವಾದ ಅಭಿನವ್ ಮನೆಯಲ್ಲಿ ಬೊಂಬೆ ನೋಡಲು ಹೋಗಿದ್ದೆವು. ಮೈಸೂರಿನಿಂದ ನಮ್ಮ ಜೊತೆಗೇ ಬಂದವನು, ಬಾಯಿ ಒಂದು ಕೆಟ್ಟದ್ದು. ನಾನು ಬಂದೂಕಿಗೆ ದೇಣಿಗೆ ಕೇಳಿದೆ. "ಸ್ವಾಮಿಗಳೇ, ಅವ್ರೂ ಹೊಟ್ಟೆಪಾಡಿಗೆ ಮಾಡ್ತಾರಪ್ಪಾ. ನಾವಿಲ್ಲಿ ಕೂತ್ಕೊಂಡು ಅವರಿಗೆ ಗುಂಡು ಹೊಡೀರಿ ಅನ್ನೋದು ಎಷ್ಟು ಸರಿ?" ಎಂದ.

ಕೈಯಲ್ಲಿದ್ದ ಲೋಟ ಅವನ ಕಡೆ ಹೋಯಿತು. ಹಣೆಗೆ ಸ್ವಲ್ಪ ತಾಗಿತು, ಎರಡು ಹೊಲಿಗೆಯಂತೆ. ಚೂರು ಬೊಂಬೆಗಳ ಮೇಲೆ ಬಿದ್ದದ್ದಕ್ಕೆ ಅವನ ಹೆಂಡತಿ ಅತ್ತಿದ್ದೇ ಹೆಚ್ಚು. ಇಷ್ಟಕ್ಕೆಲ್ಲ ಆಂಬುಲೆನ್ಸ್ ಎನ್ನುವ ಮಾತೇ ಅತಿಯಾಯಿತು.

ವಾಪಸ್ ಬರುವಾಗ ಫ್ರೀವೇಯಲ್ಲಿ ಒಬ್ಬ ಅಡ್ಡ ಬಂದ, ಅವನ ಬಾಲ ಹಿಡಿದು ಕಿರ್ಕ್‌ಲ್ಯಾಂಡ್‌ವರೆಗೆ ಬಿಡಲಿಲ್ಲ. "ಮಗು ಇದೆ ಕಾರಲ್ಲಿ" ಎಂದಳು ತೇಜಶ್ರೀ. ಗೊತ್ತಿದೆ, ನನಗೇನು ಕಣ್ಣಿಲ್ಲವೇ.

ದೇಣಿಗೆ ಸಾಕಷ್ಟು ಬಂದಿದೆ. ಬೇರೆಯವರು ಅಭಿನವನಷ್ಟು ದೊಡ್ಡ ಮನುಷ್ಯರಲ್ಲ, ಕೊಟ್ಟರು.

ಡಿಸೆಂಬರ್ 12, ಮಂಗಳವಾರ

ಅಲ್ಲಿ ಮಳೆ ನಿಂತಿದೆ. ಹೊಸ ಬಂದೂಕು ಬಂದಿವೆ, ರಾಜಧಾನಿಯಿಂದ ಹೊಸ ಕಾವಲುಗಾರರೂ ಬಂದಿದ್ದಾರೆ. ಕಾಡಿನ ಪರಿಚಯವಿಲ್ಲದ ಹುಡುಗರಂತೆ. ಒಳ್ಳೆಯದೇ ಆಯಿತು, ಹಳ್ಳಿಯವರ ನೆಂಟಸ್ತಿಕೆ ಇರುವುದಿಲ್ಲ. ಯಂತ್ರ ತೋರಿಸಿದ ಕಡೆ ಹೋಗುತ್ತಾರೆ.

ಯಂತ್ರವನ್ನು ಮನೆಯಲ್ಲಿ ಎಲ್ಲ ರೀತಿ ಪರೀಕ್ಷೆ ಮಾಡಿದ್ದೇನೆ. ಲ್ಯಾಪ್‌ಟಾಪಿನ ಮೈಕ್ ತೆರೆದಿಟ್ಟು ಕುಕ್ಕರ್ ಕೂಗಿಸಿದೆ, ಒಗ್ಗರಣೆ ಸಿಡಿಸಿದೆ, ಮಧುರಾಳ ಹುಟ್ಟುಹಬ್ಬದ ಬಲೂನು ಒಡೆದೆ. ಒಂದಕ್ಕೂ ಮೋಸ ಹೋಗಲಿಲ್ಲ.

ಈ ವಾರ ಎಚ್ಚರಿಕೆ ಕಳಿಸುವುದನ್ನು ಚಾಲೂ ಮಾಡಿದೆವು, ಮೊದಲ ಬಾರಿಗೆ ಗುಂಡಿನ ಎಚ್ಚರಿಕೆ ಬಂತು. ಒಂದಲ್ಲ, ಸಾಲಾಗಿ. ಫ್ಲೋಮೊ ಅವರ ಹುಡುಗರು ಹೋದರು, ಯಂತ್ರ ಹೇಳಿದ ಮರದ ಬುಡದಲ್ಲೇ ಜನ ಸಿಕ್ಕರು. ಹೋದ ಕಡೆಯೆಲ್ಲ ಸಿಕ್ಕರು. ಆಫೀಸಿನಲ್ಲಿ ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ಜೆರೆಮಯ, ನಿನ್ನ ಪೆಟ್ಟಿಗೆ ಆನ್ ಆಗಿದೆ ಕಣಯ್ಯ.

ಬಂದೂಕು ಮಾತ್ರ ಸಿಗಲಿಲ್ಲ. ಬಚ್ಚಿಟ್ಟಿರುತ್ತಾರೆ, ಕಳ್ಳನನ್ಮಕ್ಕಳು. ಬಾಯಿ ಬಿಡಿಸಿ ಎಂದು ಬರೆದೆ.

ಜನವರಿ 6, 2018, ಶನಿವಾರ

ಫೋಟೋ ಕಳಿಸುತ್ತಾರೆ. ಊದಿದ ಕಣ್ಣು, ಒಡೆದ ತುಟಿ. ಒಬ್ಬನ ಬೆರಳುಗಳನ್ನು ಕೋವಿಯ ಹಿಡಿಯಿಂದ ಜಜ್ಜಿದ್ದಾರೆ. ಆದರೂ ಬಂದೂಕು ಎಲ್ಲಿ ಎಂದು ಹೇಳಲಿಲ್ಲವಂತೆ, ಗಟ್ಟಿಪಿಂಡ. ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ ನೋಡಿದೆ. ತೇಜಶ್ರೀ ಬಂದು ಲ್ಯಾಪ್‌ಟಾಪ್ ಮುಚ್ಚಿದಳು. "ರೀ, ಉಪ್ಪಿಟ್ಟು ಹೇಗ್ರೀ ಇಳೀತಿದೆ ಗಂಟಲಲ್ಲಿ?" ಎಂದಳು. ಉಪ್ಪು ಸ್ವಲ್ಪ ಕಡಿಮೆಯಿತ್ತು, ಅದನ್ನೇ ಹೇಳಿದೆ.

ಗೋಡೆಯ ಮೇಲೆ ಜೇಡ ಹರಿಯುತ್ತಿತ್ತು. ಅಂಗೈಯಿಂದ ಹೊಡೆದೆ. ಮಧುರಾ ನೋಡುತ್ತಾ ನಿಂತಿದ್ದಳು. ಈಗೀಗ ಕಿರುಚುವುದಿಲ್ಲ, ಧೈರ್ಯ ಬಂದಿದೆ ಹುಡುಗಿಗೆ.

ಜನವರಿ 19, ಶುಕ್ರವಾರ

ಸೌಜನ್ಯ ನನ್ನ ಟೀಮಿನ ಹುಡುಗಿ, ಮೈಸೂರಿನವಳೇ. ಎಚ್ಚರಿಕೆಗಳ ಲೆಕ್ಕ ಹಿಡಿದುಕೊಂಡು ಬಂದಳು. "ಸ್ವಾಮಿ ಸರ್, ಜುಲೈನಲ್ಲಿ ಅಲ್ಲಿಯವರು ಹೇಳಿದ್ದು ಬೇಟೆ ಹೆಚ್ಚಾಗಿ ರಾತ್ರಿ ಆಗುತ್ತೆ ಅಂತ. ಈಗ ಬರ್ತಿರೋದೆಲ್ಲ ಮಧ್ಯಾಹ್ನ, ಸುಡುಬಿಸಿಲಲ್ಲಿ. ಒಂದು ಬಂದೂಕೂ ಸಿಕ್ಕಿಲ್ಲ, ಒಂದು ಸತ್ತ ಪ್ರಾಣಿನೂ ಸಿಕ್ಕಿಲ್ಲ. ನಾವು ಕಲಿಸಿದ್ದೆಲ್ಲ ಮಳೆಗಾಲದ ಸದ್ದು. ಸ್ವಲ್ಪ ದಿನ ನಿಲ್ಸಿ ನೋಡೋಣ್ವಾ?"

ಜನ ಸಿಕ್ಕಿದ್ದಾರಲ್ಲ ಎಂದೆ. ಹೋದ ಕಡೆಯೆಲ್ಲ ಸಿಕ್ಕಿದ್ದಾರೆ. ಮಧ್ಯಾಹ್ನ ಹೊಡೆಯುತ್ತಾರೆಂದರೆ ಕೊಬ್ಬು ಹೆಚ್ಚಿದೆ ಎಂದರ್ಥ. ಹಗ್ಗದಲ್ಲಿ ನೇತಾಡುವವನ ಕರುಳಿಗೆ ನೀನು ಕೈ ಹಾಕಿದ್ದೀಯಾ ಎಂದು ಕೇಳಿದೆ. ಸ್ವಲ್ಪ ಗಟ್ಟಿಯಾಗಿ ಕೇಳಿದೆನೆಂದು ಕಾಣುತ್ತದೆ, ಇಡೀ ಮಹಡಿ ತಿರುಗಿ ನೋಡಿತು. ಮುಂಚೆ ಪ್ರತಿ ಎಚ್ಚರಿಕೆಯನ್ನೂ ನಮ್ಮಲ್ಲೊಬ್ಬರು ಕೇಳಿದ ಮೇಲೆ ಕಳಿಸುತ್ತಿದ್ದೆವು. ಇನ್ನು ಅದು ಬೇಡ, ಯಂತ್ರದಿಂದ ನೇರ ಫ್ಲೋಮೊ ಕಚೇರಿಗೇ ಹೋಗುವಂತೆ ಮಾಡಿದೆ. ಅನುಮಾನದವರು ಅಡ್ಡ ಬರುವುದು ತಪ್ಪಿತು.

ಸಂಜೆ ಮಧುರಾ ಹಕ್ಕಿ ಕೇಳಲು ಪೆಟ್ಟಿಗೆ ಒತ್ತಿದ್ದಳು, ಪರದೆಯಲ್ಲಿದ್ದ ಎಚ್ಚರಿಕೆಯ ಕಿಟಕಿ ಮುಚ್ಚಿಹೋಗಿತ್ತು. ತೋಳು ಹಿಡಿದು ಎಬ್ಬಿಸಿದೆ, ಅಷ್ಟೇ. ತೇಜಶ್ರೀ ಆ ತೋಳಿನ ಫೋಟೋ ತೆಗೆದುಕೊಂಡಳು. ಬೆರಳಿನ ಗುರುತು ಬಿದ್ದಿದೆ ಎಂದಳು. ಮಕ್ಕಳ ಚರ್ಮ ತೆಳು.

ಜನವರಿ 28, ಭಾನುವಾರ

ಇವತ್ತು ನಮ್ಮ ಕಾವಲುಗಾರರು ಗುಂಡು ಹಾರಿಸಿದರು. ಹುಡುಗರನ್ನು ಕಂಡು ಬೇಟೆಗಾರರು ಓಡಿದರಂತೆ. ಇಬ್ಬರು ಸತ್ತರು, ಒಂದು ಗಂಡು, ಒಂದು ಹೆಣ್ಣು. ಹೆಂಗಸಿನ ಬೆನ್ನಿಗೆ ಬಿದ್ದಿದೆ. ಬುಟ್ಟಿ ಹೊತ್ತಿದ್ದಳಂತೆ. ಬುಟ್ಟಿಯವರ ಹಿಂದೆ ಬಂದೂಕಿನವರು ಇದ್ದೇ ಇರುತ್ತಾರೆ. ಫ್ಲೋಮೊ ಫೋಟೋ ಕಳಿಸಿದ್ದಾರೆ, ತೆರೆಯಲಿಲ್ಲ. ಒಳ್ಳೆಯ ಕೆಲಸ ಎಂದು ಉತ್ತರ ಬರೆದೆ.

ತೇಜಶ್ರೀ ದಿಂಬು ತೆಗೆದುಕೊಂಡು ಮಧುರಾಳ ಕೋಣೆಗೆ ಹೋದಳು. ನಾನು ಗೊರಕೆ ಹೊಡೆಯುತ್ತೇನೆ, ಅವಳಿಗೆ ನಿದ್ದೆಯಿಲ್ಲ. ಒಳಗಿನಿಂದ ಚಿಲಕ ಯಾಕೆ ಹಾಕಿಕೊಳ್ಳುತ್ತಾಳೋ.

ಫೆಬ್ರವರಿ 11, ಭಾನುವಾರ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ತಿಂಡಿಯ ಹೊತ್ತು, ಕಾಡಿನಲ್ಲಿ ಆಗ ಮಧ್ಯಾಹ್ನ. ಯಂತ್ರದ ಹೊಸ ಆವೃತ್ತಿಯನ್ನು ಪರೀಕ್ಷಿಸಲು ಲ್ಯಾಪ್‌ಟಾಪಿನ ಮೈಕ್ ತೆರೆದಿಟ್ಟಿದ್ದೆ. ತೇಜಶ್ರೀ ದೋಸೆ ಹುಯ್ಯುತ್ತಿದ್ದಳು. ಮಧುರಾ ನೆಲದ ಮೇಲೆ ಚಿತ್ರ ಬರೆಯುತ್ತಿದ್ದಳು. ಹಿಂದಿನಿಂದ ಗುಂಡು ಹಾರಿತು.

ನಾನು ಅಡುಗೆಮನೆಯ ಚಾಕು ಹಿಡಿದು ಬಾಗಿಲಿಗೆ ಎದುರಾಗಿ ನಿಂತಿದ್ದೆ. ಚಾಕು ಯಾವಾಗ ಕೈಗೆ ಬಂತೋ ತಿಳಿಯದು. ಬಾಗಿಲಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ದೋಸೆ ಸೀಯುತ್ತಿತ್ತು.

"ಅಪ್ಪಾ, ಇಟ್ಸ್ ಜಸ್ಟ್ ದ ಬೀನ್" ಎಂದಳು ಮಧುರಾ.

ಕೋರ್ಪೊ ಕೊಟ್ಟ ಕಾಯಿ. ಬಾಲ್ಕನಿಯಿಂದ ತಂದು, ನೋಡಿಕೊಂಡು ಚಿತ್ರ ಬರೆಯಲು ಹೀಟರಿನ ಮೇಲೆ ಒರಗಿಸಿಟ್ಟಿದ್ದಾಳೆ. ಬಿಸಿಗೆ ಒಣಗಿ ಎರಡು ಹೋಳಾಗಿ ಸಿಡಿದು, ಹೋಳುಗಳು ಸುರುಳಿ ಸುತ್ತಿಕೊಂಡು ಎರಡು ಕಡೆ ಬಿದ್ದಿದ್ದವು. ಒಂದು ಬೀಜ ಟೀವಿಗೆ ಬಡಿದು ಗಾಜು ಬಿರುಕು ಬಿಟ್ಟಿತ್ತು. ಕಾರ್ಪೆಟ್ಟಿನ ತುಂಬ ಅಂಗೈಯಗಲದ, ಕಂದು ಬಣ್ಣದ ಚಪ್ಪಟೆ ಬೀಜಗಳು, ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು.

ಲ್ಯಾಪ್‌ಟಾಪಿನ ಪರದೆ ಕೆಂಪಾಗಿತ್ತು. ಬಂದೂಕು, ಶೇಕಡಾ ತೊಂಬತ್ತಾರು.

ಬೇಸಿಗೆ. ಮಧ್ಯಾಹ್ನದ ಬಿಸಿಲು. ಮರದ ಮೇಲೆ ಕಾಯಿ ಒಡೆಯುತ್ತದೆ, ಬೀಜ ಆರಿಸಲು ಜನ ಮರದ ಬುಡಕ್ಕೆ ಬರುತ್ತಾರೆ. ಅದಕ್ಕೇ ಹೋದ ಕಡೆಯೆಲ್ಲ ಜನ ಸಿಕ್ಕರು. ಅದಕ್ಕೇ ಬಂದೂಕು ಸಿಗಲಿಲ್ಲ. ನಾನು ಮಳೆಗಾಲದಲ್ಲಿ ಹೋಗಿದ್ದೆ, ನಾನಿದ್ದಾಗ ಒಂದು ಕಾಯಿಯೂ ಒಡೆದಿರಲಿಲ್ಲ.

ಎರಡು ವಾರದಿಂದ ತೆರೆಯದೆ ಇಟ್ಟಿದ್ದ ಫೋಟೋ ತೆರೆದೆ. ಬುಟ್ಟಿ ಮಗುಚಿತ್ತು. ಇದೇ ಬೀಜಗಳು. ಹೆಂಗಸು ಬೋರಲು ಬಿದ್ದಿದ್ದಳು, ಮುಖ ಕಾಣುವುದಿಲ್ಲ. ಹಳದಿ ತಲೆವಸ್ತ್ರ ಬಿಚ್ಚಿ ಧೂಳಲ್ಲಿತ್ತು. ಹಳದಿ ವಸ್ತ್ರ ಆ ಊರಲ್ಲಿ ಎಷ್ಟೋ ಜನ ಕಟ್ಟುತ್ತಾರೆ. ಎಷ್ಟೋ ಜನ ಕಟ್ಟುತ್ತಾರೆ.

ಇನ್ನೊಂದು ಕಿಟಕಿಯಲ್ಲಿ ಅಲ್ಲಿನ ಹೊಸ ಎಚ್ಚರಿಕೆಗಳು ಇದ್ದವು, ಇವತ್ತಿನವು, ಆಗಲೇ ನೇರ ಹೋಗಿಬಿಟ್ಟಿದ್ದವು. ಫ್ಲೋಮೊಗೆ ಫೋನ್ ಮಾಡಿದೆ. ಗುಂಡಲ್ಲ, ಕಾಯಿ, ಹುಡುಗರನ್ನು ವಾಪಸ್ ಕರೆಯಿರಿ ಎಂದೆ.

"ಅವರು ಹೊರಟು ಬಹಳ ಹೊತ್ತಾಯ್ತು, ಮಿಸ್ಟರ್ ಸ್ವಾಮಿ. ಒಳಗೆ ಫೋನ್ ಕೆಲಸ ಮಾಡೋದಿಲ್ಲ."

"ಅಲ್ಲಿ ಬೇಟೆಗಾರರಿಲ್ಲ, ಬೀಜ ಆರಿಸೋ ಹೆಂಗಸರು."

"ಕಾಯೋ ಗುಂಡೋ, ಕಾಡೊಳಗೆ ಇದ್ದಾರಲ್ಲ. ಓಡಿದರೆ ಹೊಡೀತಾರೆ. ಒಳ್ಳೆಯ ಕೆಲಸ ಅಂತ ನೀನೇ ಬರೆದಿದ್ದೆ" ಎಂದು ಫ್ಲೋಮೊ ಫೋನಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ಬೀಜಗಳನ್ನು ಆರಿಸೋಣವೆಂದು ಬಗ್ಗಿ ಮಧುರಾಳ ಕಡೆ ಕೈ ಚಾಚಿದೆ. ಅವಳು ಎರಡೂ ತೋಳುಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಆಗ ನೋಡಿಕೊಂಡೆ, ಚಾಕು ಇನ್ನೂ ಕೈಯಲ್ಲೇ ಇತ್ತು. ತೇಜಶ್ರೀ ಅವಳನ್ನು ಎತ್ತಿಕೊಂಡು ಒಳಗೆ ಹೋದಳು. ಸೂಟ್‌ಕೇಸಿನ ಜಿಪ್ಪಿನ ಸದ್ದು ಕೇಳಿತು.

ನಾನು ಎಚ್ಚರಿಕೆ ಬಂದ ಪೆಟ್ಟಿಗೆಯನ್ನು ಒತ್ತಿ ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಕೂತೆ. ಇನ್ನೇನು ಮಾಡಲಿ. ಜೀರುಂಡೆ ಕೂಗುತ್ತಿತ್ತು. ದೂರದಲ್ಲಿ ಒಂದು ಕಾಯಿ ಒಡೆಯಿತು, ಪರದೆ ಕೆಂಪಾಯಿತು. ಬುಡದಲ್ಲಿ ಹೆಂಗಸರ ಮಾತು, ಯಾರೋ ಯಾರನ್ನೋ ಗೇಲಿ ಮಾಡಿದರು, ಎಲ್ಲರೂ ನಕ್ಕರು. ಬುಟ್ಟಿಗೆ ಬೀಜ ಬೀಳುವುದು ಕೇಳುತ್ತಿತ್ತು. ಓಡಿಹೋಗಿ ಎಂದು ಕನ್ನಡದಲ್ಲಿ ಕೂಗಿದೆ. ಪೆಟ್ಟಿಗೆಗೆ ಕಿವಿ ಮಾತ್ರ ಇರುವುದು, ಬಾಯಿ ನಾನೇ ಇಟ್ಟಿಲ್ಲ.

ಆಮೇಲೆ ಬೂಟುಗಳು. ಒಬ್ಬ ಗಂಡಸು ಏನೋ ಅಬ್ಬರಿಸಿದ. ಬುಟ್ಟಿ ಬಿತ್ತು, ಓಡುವ ಕಾಲುಗಳು.

ಪರದೆ ಮತ್ತೆ ಕೆಂಪಾಯಿತು. ಬಂದೂಕು, ಶೇಕಡಾ ತೊಂಬತ್ತೊಂಬತ್ತು. ಈ ಸಲ ಯಂತ್ರ ಸರಿಯಾಗಿಯೇ ಹೇಳಿತು. ಮುಂದಿನದನ್ನು ಕತ್ತರಿಸಿ ತೆಗೆಯಲಿಲ್ಲ, ಕೊನೆಯವರೆಗೆ ಕೇಳಿದೆ. ಅವ್ವನನ್ನು ಕರೆಯುವ ಶಬ್ದ ನನಗೆ ಗೊತ್ತಿತ್ತು, ಜೆರೆಮಯ ಕರೆದದ್ದೂ ಅದೇ.